ಸಿಲಿಂಡರನ್ನು ಯಾರೂ ಹೊಳೆಗೆ ಎಸೆಯುವುದಿಲ್ಲ

ಹೊರದೇಶದಲ್ಲಿ ಕೆಲಕಾಲ ಇದ್ದು ಬಂದವರು ಊರಿಗೆ ಮರಳಿದೊಡನೆ ಹೇಳುವ ಮಾತೊಂದಿದೆ: 'ಅಲ್ಲಿಯ ಜನರಿಗೆ ಶಿಸ್ತು ರಕ್ತದಲ್ಲೇ ಇದೆ, ನಮ್ಮವರಿಗೆ ಎಷ್ಟು ಹೇಳಿದರೂ ಅಷ್ಟೆ.' ಜಲಪಾತದ ಬುಡದಲ್ಲಿ, ಘಟ್ಟದ ರಸ್ತೆಯ ತಿರುವುಗಳಲ್ಲಿ ಶ್ರಮದಾನ ಮಾಡಿ, ಚೀಲಗಟ್ಟಲೆ ಬಾಟಲಿ ಹೆಕ್ಕಿ, ಬೆನ್ನು ನೆಟ್ಟಗೆ ಮಾಡಿಕೊಳ್ಳುವಾಗ ನಮ್ಮ ನಡುವಿನ ಹಿರಿಯರೂ ಇದನ್ನೇ ಆಡುತ್ತಾರೆ. ಬೇಸರದಲ್ಲಿ ಬಂದ ಮಾತೆಂದು ಬಿಟ್ಟುಬಿಡಬಹುದಿತ್ತು. ಆದರೆ ಪರಿಸರದ ಕೆಲಸದಲ್ಲಿ ತೊಡಗಿರುವ ನಾವೇ ಇದನ್ನು ನಂಬಿಬಿಟ್ಟರೆ ತೊಂದರೆಯಿದೆ. ದೋಷ ಇರುವುದು ಜನರ ಹುಟ್ಟುಗುಣದಲ್ಲಿ ಎಂದಾದ ಮೇಲೆ ಸರ್ಕಾರವನ್ನಾಗಲಿ, ಕಂಪನಿಯನ್ನಾಗಲಿ, ಅಂಗಡಿಯವನನ್ನಾಗಲಿ ಕೇಳುವುದೇನು ಉಳಿಯಿತು? ಫಲಕ ಬರೆಸುವುದು, ಶಾಲೆಯ ಮಕ್ಕಳಿಂದ ಜಾಥಾ ಮಾಡಿಸುವುದು, ಮುಂದಿನ ವರ್ಷ ಬಂದು ಮತ್ತೆ ಹೆಕ್ಕುವುದು, ಇಷ್ಟೆ.

2022ರ ಮಾರ್ಚ್ ತಿಂಗಳಿನಿಂದ ಎರಡು ವರ್ಷ ನಾನು ಜರ್ಮನಿಯ ಸ್ಟಟ್‌ಗಾರ್ಟ್ ನಗರದ ದಕ್ಷಿಣದ ಅಂಚಿನಲ್ಲಿರುವ ಹೊಹೆನ್‌ಹೈಮ್ ಎಂಬಲ್ಲಿ ವಾಸವಾಗಿದ್ದೆ. ಮಣ್ಣಿನ ರಂಜಕಕ್ಕೆ ಸಂಬಂಧಿಸಿದ ಸಂಶೋಧನೆ. (ಕೃಷಿಗೆ ಹೆಸರಾದ ಅಲ್ಲಿಯ ವಿಶ್ವವಿದ್ಯಾಲಯ ಹುಟ್ಟಿದ್ದು ಒಂದು ಕ್ಷಾಮದಿಂದ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬಾರದೆ ಬೆಳೆ ನೆಲಕಚ್ಚಿದಾಗ, 1818ರಲ್ಲಿ ಅಲ್ಲಿಯ ದೊರೆ ಕೃಷಿ ಶಾಲೆ ತೆರೆಸಿದ. ಎಲ್ಲಿಯ ಬೆಟ್ಟ, ಎಲ್ಲಿಯ ಶಾಲೆ!) ಆ ಎರಡು ವರ್ಷಗಳಲ್ಲಿ ಪ್ರಯೋಗಾಲಯದಲ್ಲಿ ಕಂಡದ್ದಕ್ಕಿಂತ ದಿನಸಿ ಅಂಗಡಿಯ ಮೂಲೆಯಲ್ಲಿ ಕಂಡದ್ದೇ ನನಗೆ ಮಲೆನಾಡಿನ ದೃಷ್ಟಿಯಿಂದ ಹೆಚ್ಚು ಮುಖ್ಯವೆನಿಸಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಲ್ಲಿಯ ಅಂಗಡಿಯಲ್ಲಿ ನೀರಿನದೋ ತಂಪುಪಾನೀಯದ್ದೋ ಪ್ಲಾಸ್ಟಿಕ್ ಬಾಟಲಿ ಕೊಂಡರೆ, ರಸೀದಿಯಲ್ಲಿ ಪಾನೀಯದ ಬೆಲೆಯ ಕೆಳಗೆ ಇನ್ನೊಂದು ಸಾಲು ಇರುತ್ತದೆ: 'ಫಾಂಟ್', 25 ಸೆಂಟ್. ನಮ್ಮ ಲೆಕ್ಕದಲ್ಲಿ ಸರಿಸುಮಾರು 25 ರೂಪಾಯಿ. ಫಾಂಟ್ ಎಂದರೆ ಒತ್ತೆ, ಠೇವಣಿ. ಅಗ್ಗದ ಅಂಗಡಿಗಳಲ್ಲಿ ಒಂದು ಬಾಟಲಿ ನೀರಿನ ಬೆಲೆಗೂ ಆ ಬಾಟಲಿಯ ಠೇವಣಿಗೂ ಹೆಚ್ಚು ಅಂತರವಿಲ್ಲ. ಖಾಲಿ ಬಾಟಲಿಯನ್ನು ಮನೆಯ ಮೂಲೆಯ ಚೀಲದಲ್ಲಿ ಹಾಕಿಟ್ಟು, ಮುಂದಿನ ಸಲ ಅಂಗಡಿಗೆ ಹೋಗುವಾಗ ಒಯ್ಯುತ್ತಾರೆ. ಬಾಗಿಲ ಬಳಿಯ ಗೋಡೆಯಲ್ಲಿ ಒಂದು ದುಂಡು ಕಿಂಡಿ. ಬಾಟಲಿಯನ್ನು ಬುಡ ಮುಂದಾಗಿ ತಳ್ಳಿದರೆ ಒಳಗಿನ ಯಂತ್ರ ಅದನ್ನು ತಿರುಗಿಸಿ ನೋಡಿ, ಮೈಮೇಲಿನ ಗುರುತು ಓದಿ, ಎಳೆದುಕೊಂಡು ಚಪ್ಪಟೆ ಮಾಡುತ್ತದೆ. ಬಾಟಲಿಯನ್ನು ಹಿಂಡಿ ಮುದುಡಿಸಿದ್ದರೆ ಗುರುತು ಓದಲಾಗದೆ ಹಿಂದಕ್ಕೆ ತಳ್ಳುತ್ತದೆ. ಎಲ್ಲ ಮುಗಿದ ಮೇಲೆ ಗುಂಡಿ ಒತ್ತಿದರೆ ಒಂದು ಚೀಟಿ. ಅದನ್ನು ದುಡ್ಡು ಕಟ್ಟುವಲ್ಲಿ ಕೊಟ್ಟರೆ ಅಷ್ಟು ಹಣ ಕಳೆದು ಲೆಕ್ಕ ಮಾಡುತ್ತಾರೆ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರ ಸಂಜೆ ಆ ಕಿಂಡಿಯ ಮುಂದೆ ಸಾಲು. ಹಳಸಿದ ಬಿಯರಿನ ಹುಳಿ ವಾಸನೆಯ ನಡುವೆ ಸೂಟು ತೊಟ್ಟ ಅಧಿಕಾರಿಯೂ, ವಿದ್ಯಾರ್ಥಿಯೂ, ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ತಂತ್ರಜ್ಞನೂ ಚೀಲ ಹಿಡಿದು ನಿಂತಿರುತ್ತಾರೆ.

ಆ ಕೊನೆಯ ವ್ಯಕ್ತಿಯನ್ನು ಸ್ವಲ್ಪ ಗಮನಿಸಬೇಕು. ಸ್ಟಟ್‌ಗಾರ್ಟ್ ಮೋಟಾರು ಉದ್ಯಮದ ನಗರ. ಅದೇ ಕೆಲಸದ ಮೇಲೆ ಹೋದ ಕನ್ನಡಿಗರು ಅಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಒಬ್ಬರೂ ಬಾಟಲಿ ಬಿಸಾಡಿದ್ದನ್ನು ನಾನು ಕಾಣಲಿಲ್ಲ. ಇವರೇನು ವಿಮಾನ ಇಳಿಯುವಾಗ ಬೇರೆ ರಕ್ತ ತುಂಬಿಸಿಕೊಂಡರೆ? ವಾರಾಂತ್ಯಕ್ಕೆ ಮುಳ್ಳಯ್ಯನಗಿರಿಗೋ ಜೋಗಕ್ಕೋ ಬರುವ ಕಾರುಗಳ ಕಿಟಕಿಯಿಂದ ಬಾಟಲಿ ಹೊರಗೆ ಹಾರುವುದು ಇವರದೇ ಅಣ್ಣತಮ್ಮಂದಿರ ಕೈಯಿಂದ.

ಜರ್ಮನರ ಹುಟ್ಟುಶಿಸ್ತಿನ ವಿಷಯಕ್ಕೆ ಬಂದರೆ, ಟ್ರಾಮ್ ನಿಲ್ದಾಣದ ಹಳಿಗಳ ನಡುವೆ ಕಣ್ಣು ಹಾಯಿಸಿದರೆ ಸಾಕು. ಸಿಗರೇಟಿನ ತುಂಡುಗಳು ನೂರುಗಟ್ಟಲೆ. ಸಿಗರೇಟಿಗೆ ಠೇವಣಿಯಿಲ್ಲ. ಇನ್ನೂ ಒಳ್ಳೆಯ ಪುರಾವೆ ಹೊಸ ವರ್ಷದ ಬೆಳಗ್ಗೆ ದೊರೆಯುತ್ತದೆ. ಡಿಸೆಂಬರ್ 31ರ ರಾತ್ರಿ ಇಡೀ ಊರು ಬೀದಿಗಿಳಿದು ಪಟಾಕಿ ಹೊಡೆಯುತ್ತದೆ, ಕುಡಿಯುತ್ತದೆ. ಗಾಜಿನ ಬಾಟಲಿಯಲ್ಲಿ ರಾಕೆಟ್ಟು ನಿಲ್ಲಿಸಿ ಹಾರಿಸುತ್ತದೆ. ಬೆಳಗಾದರೆ ರಸ್ತೆಯ ತುಂಬ ಸುಟ್ಟ ಕಾಗದ, ರಾಕೆಟ್ಟಿನ ಕಡ್ಡಿ, ಮತ್ತು ದ್ರಾಕ್ಷಾರಸದ ಬಾಟಲಿಗಳು. ನೀರು, ಕೋಲಾ, ಬಿಯರಿನ ಬಾಟಲಿಗಳನ್ನು ಮಾತ್ರ ಹುಡುಕಬೇಕು. ದ್ರಾಕ್ಷಾರಸದ ಬಾಟಲಿಗೆ ಅಲ್ಲಿ ಠೇವಣಿಯಿಲ್ಲ, ಉಳಿದವಕ್ಕೆ ಇದೆ. ಅದೇ ಜನ, ಅದೇ ರಾತ್ರಿ, ಅದೇ ಅಮಲು. ವ್ಯತ್ಯಾಸವೆಲ್ಲ ಆ ರಸೀದಿಯ ಒಂದು ಸಾಲಿನದು.

ಆ ಸಾಲು ತಾನಾಗಿ ಹುಟ್ಟಿದ್ದಲ್ಲ. 1991ರಲ್ಲಿ ಅಲ್ಲಿಯ ಪರಿಸರ ಸಚಿವ ಕ್ಲೌಸ್ ಟ್ಯೋಪ್ಫರ್ ತಂದ ನಿಯಮದಲ್ಲಿ ಒಂದು ಷರತ್ತು ಇತ್ತು: ತೊಳೆದು ಮತ್ತೆ ತುಂಬಿಸುವ ಬಾಟಲಿಗಳಲ್ಲಿ ಮಾರಾಟವಾಗುವ ಪಾನೀಯದ ಪಾಲು ನೂರಕ್ಕೆ 72ಕ್ಕಿಂತ ಕೆಳಗಿಳಿದರೆ, ಒಂದೇ ಸಲ ಬಳಸಿ ಎಸೆಯುವ ಬಾಟಲಿ ಮತ್ತು ಡಬ್ಬಿಗಳ ಮೇಲೆ ಕಡ್ಡಾಯ ಠೇವಣಿ. 1997ರಲ್ಲಿ ಪಾಲು ಕೆಳಗಿಳಿಯಿತು. ಉದ್ಯಮದವರು ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಹೋದರು. ಕೊನೆಗೆ 2003ರ ಜನವರಿ 1ರಂದು, ಹಸಿರು ಪಕ್ಷದ ಯೂರ್ಗೆನ್ ಟ್ರಿಟಿನ್ ಸಚಿವರಾಗಿದ್ದಾಗ, ಅದು ಜಾರಿಗೆ ಬಂತು. ಮೊದಮೊದಲು ದೊಡ್ಡ ಗೊಂದಲ. ಒಂದು ಅಂಗಡಿಯ ಬಾಟಲಿಯನ್ನು ಇನ್ನೊಂದು ಅಂಗಡಿ ತೆಗೆದುಕೊಳ್ಳುತ್ತಿರಲಿಲ್ಲ. ರಸೀದಿಯನ್ನೋ ಬಿಲ್ಲೆಯನ್ನೋ ಜೋಪಾನ ಮಾಡಬೇಕಿತ್ತು. ಕೆಲವು ಅಂಗಡಿಗಳು ಡಬ್ಬಿ ಮಾರುವುದನ್ನೇ ಬಿಟ್ಟವು. ಈ ಪದ್ಧತಿ ಬಾಳಲಾರದೆಂದು ಬರೆದವರು ಬಹಳ ಮಂದಿ. 2006ರ ಮೇ 1ರಿಂದ, ಪ್ಲಾಸ್ಟಿಕ್ ಬಾಟಲಿ ಮಾರುವ ಅಂಗಡಿ ಯಾರ ಪ್ಲಾಸ್ಟಿಕ್ ಬಾಟಲಿಯನ್ನಾದರೂ ಹಿಂದಕ್ಕೆ ಪಡೆಯಲೇಬೇಕು, ತೀರ ಸಣ್ಣ ಅಂಗಡಿ ಮಾತ್ರ ತಾನು ಮಾರುವ ಹೆಸರಿನವನ್ನಷ್ಟೆ ಪಡೆದರೆ ಸಾಕು ಎಂದಾಯಿತು. ಗೊಂದಲ ಅಲ್ಲಿಗೆ ತೀರಿತು. ಇಂದು ಠೇವಣಿಯಿರುವ ಬಾಟಲಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಹಿಂದಿರುಗುತ್ತವೆ. ಹಣ್ಣಿನ ರಸದ ಪ್ಲಾಸ್ಟಿಕ್ ಬಾಟಲಿಗೆ 2022ರಲ್ಲಿಯೂ, ಹಾಲಿನದಕ್ಕೆ ನಾನಿದ್ದಾಗಲೇ 2024ರ ಜನವರಿಯಲ್ಲಿಯೂ ಠೇವಣಿ ಬಂತು. ಹಾಲಿನ ಬಾಟಲಿಯನ್ನು ತೊಳೆಯದೆ ಕೂಡಿಟ್ಟವರ ಅಡಿಗೆಮನೆ ಒಂದು ವಾರ ನಾರಿತು. ಆಮೇಲೆ ತೊಳೆಯಲು ಕಲಿತರು. ಇದನ್ನೇ ಬೇಕಿದ್ದರೆ ಶಿಸ್ತು ಎನ್ನಬಹುದು.

ಹೀಗೆಂದು ಜರ್ಮನಿಯನ್ನು ಸ್ವರ್ಗವೆಂದು ಬಣ್ಣಿಸಲು ನನಗೆ ಮನಸ್ಸಿಲ್ಲ. ನಿಯಮದ ಮೂಲ ಉದ್ದೇಶ ತೊಳೆದು ತುಂಬಿಸುವ ಬಾಟಲಿಯನ್ನು ಉಳಿಸುವುದಾಗಿತ್ತು. 1969ರಲ್ಲಿ ಗ್ಯುಂಟರ್ ಕುಪೆಟ್ಸ್ ಎಂಬ ವಿನ್ಯಾಸಕಾರರು ಖನಿಜಜಲದ ಘಟಕಗಳಿಗಾಗಿ ರೂಪಿಸಿದ ಗಾಜಿನ ಬಾಟಲಿಯೊಂದು ಅಲ್ಲಿ ಇಂದಿಗೂ ಚಲಾವಣೆಯಲ್ಲಿದೆ. ಸೊಂಟ ಸಣ್ಣ, ಮೈಮೇಲೆ ಮುತ್ತಿನಂಥ ಉಬ್ಬುಗಳು. ನೂರಾರು ಘಟಕಗಳು ಇದೇ ಒಂದು ಬಾಟಲಿಯನ್ನು ಬಳಸುವುದರಿಂದ ಯಾವ ಊರಿನದು ಯಾವ ಊರಿಗೆ ಮರಳಿದರೂ ಚಿಂತೆಯಿಲ್ಲ. ಒಂದೊಂದೂ ಸುಮಾರು 50 ಸಲ ತುಂಬಿಕೊಳ್ಳುತ್ತದೆ. ಅದರ ಠೇವಣಿ 15 ಸೆಂಟ್ ಮಾತ್ರ. ನನ್ನ ಕಣ್ಣಿಗೆ ಅಲ್ಲಿಯ ನಿಜವಾದ ತಂತ್ರಜ್ಞಾನ ಇದು, ಗೋಡೆಯ ಯಂತ್ರವಲ್ಲ. ಆದರೆ ಎಸೆಯುವ ಬಾಟಲಿಗೂ ಠೇವಣಿ ಬಂದ ಮೇಲೆ ಗ್ರಾಹಕನಿಗೆ ಎರಡೂ ಒಂದೇ ಆಗಿ ಕಂಡವು. 'ಹೇಗೂ ಹಿಂದಕ್ಕೆ ಕೊಡುತ್ತೇನಲ್ಲ!' ಅಗ್ಗದ ದೊಡ್ಡ ಅಂಗಡಿಗಳು ತೊಳೆಯುವ ಗೋಜೇ ಬೇಡವೆಂದು ಎಸೆಯುವ ಬಾಟಲಿಯನ್ನೇ ಮಾರಿದವು. ಒಂದು ಕಾಲಕ್ಕೆ ನೂರಕ್ಕೆ 70ನ್ನು ಮೀರಿದ್ದ ಮರುಬಳಕೆಯ ಪಾಲು ಇಂದು ಅರ್ಧಕ್ಕೂ ಕಡಿಮೆ. ಮರಳಿ ಬಾರದ ಬಾಟಲಿಗಳ ಠೇವಣಿ ಮಾರಿದವರ ಬಳಿಯೇ ಉಳಿಯುತ್ತದೆ. ಠೇವಣಿಯಿಲ್ಲದ ಉಳಿದ ಪ್ಲಾಸ್ಟಿಕ್ಕು ಹಳದಿ ಚೀಲ ಸೇರಿ, ಅದರಲ್ಲಿ ಗಣನೀಯ ಭಾಗ ಕುಲುಮೆಗೆ ಹೋಗುತ್ತದೆ. ಒಂದಷ್ಟು ಹಡಗು ಹತ್ತಿ ಮಲೇಷ್ಯಾ, ಟರ್ಕಿಗಳಿಗೂ ಹೋಗಿದೆ. ಬೀದಿ ಸ್ವಚ್ಛವಾಗಿ ಕಾಣುವುದೂ ನಾಡು ಸ್ವಚ್ಛವಾಗಿರುವುದೂ ಬೇರೆ ಬೇರೆ.

ಇನ್ನೊಂದು ದೃಶ್ಯ ನನ್ನನ್ನು ಬಹಳ ಕಾಡಿತು. ರೈಲು ನಿಲ್ದಾಣಗಳಲ್ಲಿ ಮುದುಕರು ಕೈದೀಪ ಹಿಡಿದು ಕಸದ ಡಬ್ಬಿಗಳ ಒಳಗೆ ಬಾಟಲಿ ಹುಡುಕುತ್ತಾರೆ. ಎಲ್ಲರೂ ಭಿಕ್ಷುಕರಲ್ಲ. ಇಸ್ತ್ರಿ ಮಾಡಿದ ಕೋಟು ತೊಟ್ಟ, ಪಿಂಚಣಿ ಸಾಲದ ವೃದ್ಧರೂ ಇದ್ದರು. ಅವರ ಕೈ ಕಸಕ್ಕೆ ತಾಗದಿರಲೆಂದು ಕಲೋನ್ ನಗರದ ಪೌಲ್ ಕೆಟ್ಸ್ ಎಂಬ ವಿನ್ಯಾಸಕಾರ ಕಸದ ಡಬ್ಬಿಯ ಸುತ್ತ ಬಾಟಲಿ ನಿಲ್ಲಿಸುವ ಒಂದು ಬಳೆಯನ್ನು ರೂಪಿಸಿದ. ಕೆಲವು ನಗರಗಳು ಅಳವಡಿಸಿದವು. ಒಳ್ಳೆಯ ಮನಸ್ಸಿನ ಕೆಲಸ. ಅಷ್ಟು ಸಿರಿವಂತ ದೇಶದಲ್ಲಿ ಅಂಥದೊಂದು ಬಳೆ ಬೇಕಾಯಿತು ಎನ್ನುವುದನ್ನು ಮಾತ್ರ ಸಂಭ್ರಮಿಸಲಾಗದು. ನಮ್ಮಲ್ಲಿ ಠೇವಣಿ ಬಂದರೆ 'ಬಡವರಿಗೆ ಆದಾಯ' ಎಂದು ಹಾಡಿ ಹೊಗಳುವವರು ಬರುತ್ತಾರೆ. ಅವರ ಬಗ್ಗೆ ಎಚ್ಚರವಿರಲಿ. ಬಾಟಲಿಯನ್ನು ಹಿಂದಕ್ಕೆ ತರಬೇಕಾದವನು ಕೊಂಡವನು, ಪಡೆಯಬೇಕಾದವನು ಮಾರಿದವನು.

ನೆರೆಯ ಟ್ಯೂಬಿಂಗೆನ್ ಎಂಬ ವಿಶ್ವವಿದ್ಯಾಲಯದ ಊರು ಮತ್ತೂ ಒಂದು ಹೆಜ್ಜೆ ಮುಂದೆ ಹೋಯಿತು. 2022ರ ಜನವರಿಯಿಂದ, ಒಯ್ದು ತಿನ್ನುವ ಆಹಾರದ ಬಳಸಿ ಎಸೆಯುವ ಲೋಟ, ತಟ್ಟೆಗಳಿಗೆ 50 ಸೆಂಟ್, ಚಮಚಕ್ಕೆ 20 ಸೆಂಟ್ ಎಂದು ಅಲ್ಲಿಯ ನಗರಸಭೆ ಮಾರುವವರ ಮೇಲೆ ತೆರಿಗೆ ಹಾಕಿತು. ಒಂದು ಬರ್ಗರ್ ಅಂಗಡಿ ದಾವೆ ಹೂಡಿತು. ದೇಶದ ಸಂವಿಧಾನ ನ್ಯಾಯಾಲಯವು 2025ರ ಜನವರಿಯಲ್ಲಿ ನಗರಸಭೆಯ ಪರವಾಗಿ ತೀರ್ಪಿತ್ತಿತು. ಒಂದು ಸಣ್ಣ ಊರಿನ ಸ್ಥಳೀಯ ಸಂಸ್ಥೆಗೆ ಅಷ್ಟು ಅಧಿಕಾರ, ಅಷ್ಟು ಎದೆಗಾರಿಕೆ! ನಮ್ಮ ಪಂಚಾಯಿತಿಗಳನ್ನು ನೆನೆದು ಹೊಟ್ಟೆ ಉರಿಯಿತು.

ಈಗ ನಮ್ಮ ಮನೆಗೆ ಬರೋಣ. ಠೇವಣಿಯೆಂಬುದು ನಮಗೆ ಹೊಸದೇ? ಗೋಲಿ ಸೋಡಾದ ಬಾಟಲಿಯನ್ನು ಅಂಗಡಿಯವನು ಮನೆಗೆ ಒಯ್ಯಗೊಡುತ್ತಿರಲಿಲ್ಲ. ಒಯ್ದರೆ ದುಡ್ಡು ಇಟ್ಟು ಹೋಗಬೇಕಿತ್ತು. ತಂಪುಪಾನೀಯದ ಗಾಜಿನ ಬಾಟಲಿಗಳು ಪೆಟ್ಟಿಗೆಯಲ್ಲಿ ಎಣಿಸಿ ಬಂದು, ಎಣಿಸಿ ಹಿಂದಿರುಗುತ್ತಿದ್ದವು. ಎಣ್ಣೆಯ ಡಬ್ಬಿ ಜೋನಿಬೆಲ್ಲದ ಡಬ್ಬಿಯಾಗಿ ಎಷ್ಟು ಮಳೆಗಾಲ ಕಳೆಯುತ್ತಿತ್ತೆಂದು ಹಿರಿಯರನ್ನು ಕೇಳಿ. ಅವೆಲ್ಲ ಹಳೆಯ ಕಾಲ ಎನ್ನುವುದಾದರೆ ಇಂದಿನದನ್ನೇ ನೋಡಿ: ಅಡಿಗೆ ಅನಿಲದ ಸಿಲಿಂಡರು. ಅದು ಕೆಂಪು ಬಣ್ಣದ ಒಂದು ಠೇವಣಿ ಬಾಟಲಿಯಲ್ಲದೆ ಮತ್ತೇನು? ಜೀಪು ಹೋಗದ ಮನೆಗೂ ಹೆಗಲ ಮೇಲೆ ಏರಿ, ಅಡಕೆ ಮರದ ಸಂಕ ದಾಟಿ ಅದು ಹೋಗುತ್ತದೆ. ಖಾಲಿಯಾದ ಮೇಲೆ ಅದೇ ಸಂಕ ದಾಟಿ ಹಿಂದಕ್ಕೆ ಬರುತ್ತದೆ. ಮಲೆನಾಡಿನ ಯಾವ ಹಳ್ಳದಲ್ಲಾದರೂ ಎಸೆದ ಸಿಲಿಂಡರನ್ನು ಯಾರಾದರೂ ಕಂಡಿದ್ದೀರಾ? ಅದನ್ನು ಹಿಂದಕ್ಕೆ ಕೊಡಿರೆಂದು ಫಲಕ ಬರೆಸಿದವರಿಲ್ಲ, ಜಾಥಾ ಹೊರಡಿಸಿದವರಿಲ್ಲ. ಖಾಲಿ ಕೊಡದಿದ್ದರೆ ತುಂಬಿದ್ದು ಸಿಗುವುದಿಲ್ಲ, ಅಷ್ಟೆ. ನಮ್ಮ ಜನರಿಗೆ ಶಿಸ್ತಿಲ್ಲವೆನ್ನುವವರು ಈ ಸಿಲಿಂಡರಿಗೆ ಉತ್ತರ ಹೇಳಬೇಕು.

ನಮ್ಮ ಗಡಿಯಾಚೆಯ ನೀಲಗಿರಿಯಲ್ಲಿ ಇದನ್ನು ಮಾಡಿಯೂ ತೋರಿಸಿದ್ದಾರೆ. ಕಾಡಿನಂಚಿನಲ್ಲಿ ಎಸೆದ ಮದ್ಯದ ಬಾಟಲಿಯ ಚೂರು ಆನೆಗಳ ಕಾಲಿಗೆ ನಾಟಿ ಗಾಯವಾಗುತ್ತಿರುವ ವಿಷಯ ಮದ್ರಾಸ್ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, ನ್ಯಾಯಾಲಯವು ಬಾಟಲಿಗಳನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಮಾಡಿರೆಂದಿತು. 2022ರ ಮೇ ತಿಂಗಳಿನಿಂದ ಅಲ್ಲಿಯ ಸರ್ಕಾರಿ ಮದ್ಯದಂಗಡಿಗಳು ಬಾಟಲಿಯೊಂದಕ್ಕೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ತಂದವರಿಗೆ ಹಿಂದಿರುಗಿಸತೊಡಗಿದವು. ಗೋಡೆಯಲ್ಲಿ ಯಂತ್ರವಿಲ್ಲ, ಬಾಟಲಿಯ ಮೇಲೊಂದು ಚೀಟಿ, ಅಂಗಡಿಯಲ್ಲಿ ಒಬ್ಬ ಮನುಷ್ಯ. ಕೆಲಸದ ಹೊರೆ ಹೆಚ್ಚಿತೆಂದು ನೌಕರರು ದೂರಿದ್ದಾರೆ. ಅವರ ದೂರು ನ್ಯಾಯವಾದದ್ದೇ, ಅದಕ್ಕೆ ಬೇರೆ ಆಳು ಕೊಡಬೇಕು. ಪದ್ಧತಿಯಂತೂ ತಮಿಳುನಾಡಿನ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. 2025ರಲ್ಲಿ ಕೇರಳವೂ ತನ್ನ ಕೆಲವು ಮದ್ಯದಂಗಡಿಗಳಲ್ಲಿ 20 ರೂಪಾಯಿಯ ಠೇವಣಿಯನ್ನು ಆರಂಭಿಸಿತು.

ಕರ್ನಾಟಕದಲ್ಲಿ ಇದು ಇನ್ನೂ ಸುಲಭ. 2003ರಲ್ಲಿ ಸ್ಥಾಪನೆಯಾದ ರಾಜ್ಯ ಪಾನೀಯ ನಿಗಮದ ಗೋದಾಮನ್ನು ಹಾದೇ ಮದ್ಯವೆಲ್ಲ ಅಂಗಡಿಗಳಿಗೆ ಹೋಗುತ್ತದೆ. ಒಂದೊಂದರ ಮೇಲೂ ಅಬಕಾರಿಯ ಚೀಟಿ ಅಂಟಿಕೊಂಡಿದೆ. ತೆರಿಗೆ ವಸೂಲಿಗೆ ಒಂದೊಂದು ಬಾಟಲಿಯನ್ನೂ ಎಣಿಸಬಲ್ಲ ಸರ್ಕಾರಕ್ಕೆ ಖಾಲಿ ಬಾಟಲಿ ಎಣಿಸಲಾಗದೆ? ನಮ್ಮ ಸಮಸ್ಯೆ ಗಾಜಿಗಿಂತ ಒಂದು ಕೈ ಮೇಲೆ. ಅಗ್ಗದ ಮದ್ಯ ನಮ್ಮಲ್ಲಿ 90 ಮಿಲಿಯ ಟೆಟ್ರಾ ಪೊಟ್ಟಣದಲ್ಲಿ ಬರುತ್ತದೆ: ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಒಂದಕ್ಕೊಂದು ಅಂಟಿದ ಪದರಗಳು. ಗುಜರಿಯವನು ಮುಟ್ಟುವುದಿಲ್ಲ. ಕಾಫಿ ತೋಟದ ಲೈನ್ ಮನೆಗಳ ಹಿಂದೆ, ಗದ್ದೆಯ ಅಂಚಿನಲ್ಲಿ, ಬಸ್ ತಂಗುದಾಣದ ಬೆಂಚಿನ ಕೆಳಗೆ ಅದರ ರಾಶಿ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದಾಗ ಅದರ ಪ್ಲಾಸ್ಟಿಕ್ ಪೊಟ್ಟಣದ ಕಾಟ ತಪ್ಪಿತೆಂದು ನೆಮ್ಮದಿಪಟ್ಟಿದ್ದೆವು. ಅದರ ಜಾಗಕ್ಕೆ ಇದು ಬಂದು ಕುಳಿತಿದೆ. ಈ ಪೊಟ್ಟಣಕ್ಕೆ ಐದು ರೂಪಾಯಿಯ ಠೇವಣಿ ಇಟ್ಟು ನೋಡಲಿ; ಒಂದು ಮಳೆಗಾಲದೊಳಗೆ ಗದ್ದೆಯ ಅಂಚು ಬೇರೆಯಾಗಿ ಕಾಣುತ್ತದೆ.

ಆದರೆ ಕೃಷಿ ವಿಜ್ಞಾನದವನಾಗಿ ನನಗೆ ಇದಕ್ಕಿಂತ ಹೆಚ್ಚು ಭಯ ಹುಟ್ಟಿಸುವ ಬಾಟಲಿ ಬೇರೆ. ನಾವು ಅದನ್ನು 'ಔಷಧಿ' ಎನ್ನುತ್ತೇವೆ. ಕಳೆಗೆ ಔಷಧಿ, ಹುಳಕ್ಕೆ ಔಷಧಿ. ತೋಟದಲ್ಲಿ ಕೂಲಿಯಾಳು ಸಿಗದ ಮೇಲೆ ಕಳೆನಾಶಕದ ಬಳಕೆ ಎಷ್ಟು ಏರಿದೆಯೆಂದು ಪ್ರತ್ಯೇಕ ಹೇಳಬೇಕಿಲ್ಲ. ಸಿಂಪಡಿಸುವ ಕ್ಯಾನಿಗೆ ನೀರು ತುಂಬುವುದು ಹಳ್ಳದ ದಡದಲ್ಲಿ. ಖಾಲಿ ಬಾಟಲಿ ಉಳಿಯುವುದೂ ಅಲ್ಲಿಯೇ. ಖಾಲಿ ಎಂದರೆ ಎಷ್ಟು ಖಾಲಿ? ಒಂದು ಲೀಟರಿನ ಬಾಟಲಿಯನ್ನು ಬೋರಲು ಹಾಕಿ ಸುರಿದ ಮೇಲೂ ಒಳಮೈಗೆ ಅಂಟಿ ನಾಲ್ಕೈದು ಮಿಲಿ ಉಳಿಯಬಹುದು. ಸಾಮಾನ್ಯವಾಗಿ ಸಿಗುವ ನೂರಕ್ಕೆ 41ರ ಗ್ಲೈಫೋಸೇಟ್ ಆದರೆ ಐದು ಮಿಲಿಯಲ್ಲಿ ಸುಮಾರು ಎರಡು ಗ್ರಾಂ ವಿಷ. ಯುರೋಪಿನ ಒಕ್ಕೂಟದಲ್ಲಿ ಕುಡಿಯುವ ನೀರಿನಲ್ಲಿ ಯಾವುದೇ ಒಂದು ಪೀಡೆನಾಶಕಕ್ಕೆ ವಿಧಿಸಿರುವ ಮಿತಿ ಲೀಟರಿಗೆ 0.1 ಮೈಕ್ರೋಗ್ರಾಂ. ಭಾಗಿಸಿ ನೋಡಿದರೆ, ಒಂದು 'ಖಾಲಿ' ಬಾಟಲಿಯಲ್ಲಿರುವುದು ಎರಡು ಕೋಟಿ ಲೀಟರು ನೀರನ್ನು ಆ ಮಿತಿಗೆ ಮುಟ್ಟಿಸಲು ಸಾಕು. ಗ್ಲೈಫೋಸೇಟ್ ಮಣ್ಣಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಎಲ್ಲವೂ ನೀರಿಗೆ ಹೋಗುವುದಿಲ್ಲ ಎಂಬುದು ನಿಜ. ಆದರೆ ಬಾಟಲಿಯನ್ನು ನೇರವಾಗಿ ಹಳ್ಳಕ್ಕೇ ಎಸೆದಾಗ ನಡುವೆ ಮಣ್ಣೆಲ್ಲಿ ಬಂತು?

ಪರಿಹಾರವೇನೂ ಕಠಿಣವಲ್ಲ. ಬಾಟಲಿ ಬರಿದಾದೊಡನೆ ಕಾಲುಭಾಗ ನೀರು ಹಾಕಿ, ಮುಚ್ಚಳ ಬಿಗಿದು, ಅರ್ಧ ನಿಮಿಷ ಕುಲುಕಿ, ಆ ನೀರನ್ನು ಸಿಂಪಡಿಸುವ ಕ್ಯಾನಿಗೇ ಸುರಿಯಬೇಕು. ಹೀಗೆ ಮೂರು ಸಲ. ಪ್ರತಿ ಸಲವೂ ಉಳಿಕೆ ಸುಮಾರು ಐವತ್ತರಲ್ಲಿ ಒಂದಂಶಕ್ಕೆ ಇಳಿಯುವುದರಿಂದ ಮೂರು ಸಲಕ್ಕೆ ಲಕ್ಷದಲ್ಲಿ ಒಂದಂಶವೂ ಉಳಿಯುವುದಿಲ್ಲ. ರೈತನಿಗೆ ನಷ್ಟವೂ ಇಲ್ಲ; ಹಣ ಕೊಟ್ಟು ತಂದದ್ದು ಕೊನೆಯ ಹನಿಯವರೆಗೂ ತೋಟಕ್ಕೇ ಹೋಗುತ್ತದೆ. ಬಳಿಕ ಬುಡದಲ್ಲೊಂದು ತೂತು ಕೊರೆಯಬೇಕು, ಮನೆಯಲ್ಲಿ ಎಣ್ಣೆಗೋ ನೀರಿಗೋ ಮತ್ತೆ ಬಳಕೆಯಾಗದಂತೆ.

ತೊಳೆದ ಮೇಲೆ ಎಲ್ಲಿಗೆ ಒಯ್ಯುವುದು? ಇಲ್ಲಿ ನಮ್ಮ ಕಾನೂನು ಕೈಕೊಡುತ್ತದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಬಳಸಿದ ಡಬ್ಬಿಗಳನ್ನು ಒಡೆದು, ಜನವಸತಿಯಿಂದ ದೂರ ಹೂಳಬೇಕು. ಬಯಲುಸೀಮೆಯ ಯಾರೋ ಅಧಿಕಾರಿ ಬರೆದಿರಬೇಕು. ಮಲೆನಾಡಿನಲ್ಲಿ ವಸತಿಯಿಂದ ದೂರವೆಂದರೆ ಮನೆಯ ಮೇಲಿನ ಗುಡ್ಡ. ಆ ಗುಡ್ಡದಿಂದಲೇ ಅಬ್ಬಿಯ ನೀರು ಮನೆಯಂಗಳಕ್ಕೆ ಬರುವುದು. ಮೂರು ಸಾವಿರ ಮಿಲಿಮೀಟರು ಮಳೆ ಸುರಿಯುವ ಜಂಬಿಟ್ಟಿಗೆಯ ನೆಲದಲ್ಲಿ ಹೂಳಿದ್ದು ಹೂಳಿದಲ್ಲೇ ಇರುತ್ತದೆಯೆ?

ಬ್ರೆಜಿಲ್ ಈ ವಿಷಯದಲ್ಲಿ ಜರ್ಮನಿಗಿಂತಲೂ ಚೊಕ್ಕಟ. 2000ದಲ್ಲಿ ಅಲ್ಲಿ ಬಂದ ಕಾನೂನಿನಂತೆ ರೈತ ತೊಳೆದ ಡಬ್ಬಿಯನ್ನು ಒಂದು ವರ್ಷದೊಳಗೆ ಹಿಂದಿರುಗಿಸಬೇಕು. ಎಲ್ಲಿಗೆ ಹಿಂದಿರುಗಿಸಬೇಕೆಂದು ಮಾರಾಟಗಾರ ಬಿಲ್ಲಿನಲ್ಲೇ ಬರೆದುಕೊಡಬೇಕು. ಅಲ್ಲಿಂದ ಒಯ್ದು ವಿಲೇವಾರಿ ಮಾಡುವ ಹೊಣೆ ತಯಾರಕರದು. ತಯಾರಕರೇ ಕೂಡಿ ಸ್ಥಾಪಿಸಿದ ಸಂಸ್ಥೆಯ ಮೂಲಕ ಇಂದು ಹೊಲಕ್ಕೆ ಹೋದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಹಿಂದಿರುಗುತ್ತವೆ. ಜರ್ಮನಿಯಲ್ಲಿ 1996ರಿಂದ ವರ್ಷದ ನಿಗದಿತ ದಿನಗಳಂದು ಸಹಕಾರಿ ಗೋದಾಮುಗಳಲ್ಲಿ ಉಚಿತವಾಗಿ ಪಡೆಯುತ್ತಾರೆ. ತೊಳೆಯದ ಡಬ್ಬಿಯನ್ನು ಮುಲಾಜಿಲ್ಲದೆ ಹಿಂದಕ್ಕೆ ಕಳಿಸುತ್ತಾರೆ. ಬ್ರೆಜಿಲಿನ ರೈತ ನಮ್ಮವನಿಗಿಂತ ಹೆಚ್ಚು ಶಿಸ್ತಿನವನೆಂದು ಯಾರೂ ಹೇಳಲಾರರು.

ರಾಜ್ಯವೋ ಕೇಂದ್ರವೋ ಇಂಥ ಕಾನೂನು ಮಾಡುವವರೆಗೆ ಕಾಯಬೇಕಿಲ್ಲವೆಂಬುದು ನನ್ನ ಅಭಿಪ್ರಾಯ. ಮಲೆನಾಡಿನಲ್ಲಿ ಔಷಧಿಯ ಬಹುಪಾಲು ಮಾರಾಟ ನಮ್ಮವೇ ಸಹಕಾರ ಸಂಘಗಳಲ್ಲಿ. ಸಂಘದಲ್ಲಿ ಒಬ್ಬೊಬ್ಬ ಸದಸ್ಯನಿಗೂ ಖಾತೆಯಿದೆ. ಗೋಣಿಚೀಲದ ಲೆಕ್ಕವನ್ನೂ ಬಿಡದೆ ಬರೆಯುವ ಗುಮಾಸ್ತರಿದ್ದಾರೆ. ಬಾಟಲಿ ಒಯ್ದಾಗ ಸದಸ್ಯನ ಹೆಸರಿಗೆ 20 ರೂಪಾಯಿ ಖರ್ಚು ಬರೆಯುವುದು, ತೊಳೆದು ತೂತು ಕೊರೆದ ಬಾಟಲಿ ಬಂದಾಗ ಜಮಾ ಮಾಡುವುದು. ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಪಡೆದಂತಾಗುವುದಿಲ್ಲವೆ ಎಂದು ಕಾರ್ಯದರ್ಶಿಗಳು ಕೇಳುತ್ತಾರೆ. ಇದು ಬೆಲೆಯಲ್ಲ, ಬಿಲ್ಲಿಗೆ ಸೇರುವುದೂ ಇಲ್ಲ; ಸದಸ್ಯರೇ ಸಭೆಯಲ್ಲಿ ಒಪ್ಪಿಕೊಂಡ ಠೇವಣಿ, ಖಾತೆಯ ನಮೂದು. ಯಂತ್ರ ಬೇಡ, ಆ್ಯಪ್ ಬೇಡ. ನಮ್ಮ ಕೆಲವು ರೈಲು ನಿಲ್ದಾಣಗಳಲ್ಲಿ ಬಾಟಲಿ ಪುಡಿಮಾಡುವ ಯಂತ್ರ ತಂದು ನಿಲ್ಲಿಸಿದ್ದನ್ನು ನೋಡಿದ್ದೇವೆ; ಹಾಕಿದರೂ ಹಾಕದಿದ್ದರೂ ಒಂದೇ ಆದ್ದರಿಂದ ಯಾರೂ ಹಾಕಲಿಲ್ಲ, ಈಗ ಅದರ ಮೇಲೆ ಚಹಾದ ಲೋಟ ಇಡುತ್ತಾರೆ. ಯುರೋಪಿನಲ್ಲಿಯೂ ಠೇವಣಿ ಮೊದಲು ಬಂತು, ಯಂತ್ರ ಅನಂತರ.

ಕೂಡಿದ ಬಾಟಲಿಗಳನ್ನು ಗುಜರಿಗೆ ಮಾತ್ರ ಹಾಕಕೂಡದು. ವಿಷ ತಾಗಿದ ಡಬ್ಬಿಗಳು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿವೆ. ಸಂಘದ ಗೋದಾಮಿನಲ್ಲಿ ಒಂದು ಬೀಗದ ಕೋಣೆ, ವರ್ಷಕ್ಕೊಮ್ಮೆ ತಯಾರಕರ ಲಾರಿ. ಲಾರಿ ಕಳಿಸದ ಕಂಪನಿಯ ಮಾಲನ್ನು ಮರುವರ್ಷ ತರಿಸುವುದಿಲ್ಲವೆಂದು ಹತ್ತು ಸಂಘಗಳು ಒಟ್ಟಾಗಿ ಬರೆದರೆ ಕಂಪನಿಗಳಿಗೆ ಅರ್ಥವಾಗುತ್ತದೆ. ಅವು ಪ್ಲಾಸ್ಟಿಕ್ ಪೊಟ್ಟಣದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದ 2022ರ ಕೇಂದ್ರದ ನಿಯಮವನ್ನು ಓದದವೇನಲ್ಲ. ಒಂದು ಸಂಘ ಒಂಟಿಯಾಗಿ ಬರೆದರೆ ಉತ್ತರ ಬಾರದು. ಅದಕ್ಕಾಗಿಯೇ ಇದನ್ನು ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಸಂಘಗಳ ವಾರ್ಷಿಕ ಸರ್ವಸದಸ್ಯರ ಸಭೆಗಳು ಸೆಪ್ಟೆಂಬರಿನೊಳಗೆ ನಡೆಯುತ್ತವೆ. ಲಾಭ-ನಷ್ಟ ಓದಿ, ಡಿವಿಡೆಂಡಿನ ಚರ್ಚೆ ಮುಗಿದು, ಊಟಕ್ಕೆ ಎದ್ದು ಹೋಗುವ ಹೊತ್ತಿಗೆ ಅಧ್ಯಕ್ಷರು 'ಇತರ ವಿಷಯಗಳು' ಎನ್ನುತ್ತಾರೆ. ಅಲ್ಲಿ ಎತ್ತಿದರೆ ಯಾರ ಕಿವಿಗೂ ಬೀಳುವುದಿಲ್ಲ. ಸಭೆಗೆ ಸಾಕಷ್ಟು ಮುಂಚೆ ಲಿಖಿತವಾಗಿ ಕೊಟ್ಟು, ಕಾರ್ಯಸೂಚಿಯಲ್ಲಿ ಸೇರಿಸಬೇಕು. ಠರಾವಿನ ಕರಡನ್ನು ಒಂದೂವರೆ ಪುಟದಲ್ಲಿ ಸಿದ್ಧಪಡಿಸಿದ್ದೇನೆ. ತೊಳೆಯುವ ಕ್ರಮ, ಖಾತೆಯ ನಮೂದು, ಕೋಣೆಯ ಬೀಗ ಯಾರ ಕೈಯಲ್ಲಿ ಎಂಬುದೆಲ್ಲ ಅದರಲ್ಲಿದೆ. ಬೇಕಾದವರು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆದರೆ ಕಳಿಸಿಕೊಡುತ್ತೇನೆ. ಕಾರ್ಡಿನಲ್ಲಿ ತಮ್ಮ ಸಂಘದ ಹೆಸರನ್ನೂ, ಅಲ್ಲಿ ವರ್ಷಕ್ಕೆ ಅಂದಾಜು ಎಷ್ಟು ಬಾಟಲಿ ಮಾರಾಟವಾಗುತ್ತದೆಂಬುದನ್ನೂ ಬರೆಯಲಿ.